ಅವರು ಅಲ್ಲಾಡದ ದಿನಗಳು

ಮಾರ್ಚ್ ೬, ಬುಧವಾರ

ಇವತ್ತು ಅವರು ತಮ್ಮ ಅಂಗಿಯ ಗುಂಡಿಗಳನ್ನು ತಾವೇ ಹಾಕಿಕೊಂಡರು. ಕೊನೆಯದೊಂದು ಮೇಲೆ ಕೆಳಗಾಗಿತ್ತು. ನಾನು ಸರಿ ಮಾಡಲು ಹೋಗಲಿಲ್ಲ.

ಗಾಂಗ್‌ನ್ಯಂಗ್ ಆಸ್ಪತ್ರೆಯ ಡಾಕ್ಟರಮ್ಮ ಮಾತ್ರೆ ಹೆಚ್ಚಿಸಿ ಇನ್ನೂ ವಾರವಾಗಿಲ್ಲ. ಹೋದ ತಿಂಗಳು ಬಚ್ಚಲ ಹೊಸ್ತಿಲಲ್ಲಿ ಪಾದ ನೆಲಕ್ಕೆ ಅಂಟಿಕೊಂಡು, ಮುಂದೆ ಹೋಗಲಾರದೆ ಹಿಂದೆ ಬರಲಾರದೆ ನಿಂತಿದ್ದ ಮನುಷ್ಯ, ಇವತ್ತು ಓಣಿಯ ಮೆಟ್ಟಿಲುಗಳನ್ನು ಇಳಿದು ನಮ್ಮ ಮುಖೋ ಬಂದರಿನ ತನಕ ಒಬ್ಬರೇ ಹೋಗಿ ಬಂದರು. ಕೈಯಲ್ಲಿ ಹಸೀ ಮೀನು ಬೇರೆ. ಪಾರ್ಕಿನ್ಸನ್ ಎಂಬ ಈ ಕಾಯಿಲೆ ಅಂಟಿದ ಮೇಲೆ ಅವರು ಮನೆಗೆ ಮೀನು ತಂದದ್ದೇ ಇಲ್ಲ. ಹೊಸ್ತಿಲಲ್ಲೇ ನಿಂತು "ಏ ಸುನಿಮ್, ಮೂಲಂಗಿ ಜಾಸ್ತಿ ಹಾಕಿ ಸಾರು ಮಾಡು!" ಎಂದು ಕೂಗಿದರು. ಪಕ್ಕದ ಮನೆಯ ಬೊಂಗ್‌ಜಾ ಅಕ್ಕ ಕಿಟಕಿ ತೆಗೆದು, "ನಿನ್ ಗಂಡನ ಗಂಟಲು ವಾಪಸ್ ಬಂತಲ್ಲೇ! ಇನ್ನು ನಮ್ಗೆ ನಿದ್ದೆ ಇಲ್ಲ" ಎಂದಳು. ನನಗೆ ನಗುವೂ ಬಂತು, ಅಳುವೂ ಬಂತು.

ಒಂದೇ ಒಂದು ಸಂಗತಿ. ಮಾತ್ರೆ ಏರಿದಾಗ ಅವರ ಭುಜ, ಕತ್ತು, ಎಡಗಾಲು ತಾವಾಗಿಯೇ ಹೊರಳಾಡುತ್ತವೆ. ಕಾದ ಕಾವಲಿಯ ಮೇಲೆ ಹಾಕಿದ ಬೊಂಡಾಸ್ ಮೀನಿನ ಹತ್ತು ಕಾಲುಗಳ ಹಾಗೆ. ಇದು ಮಾತ್ರೆಯಿಂದಲೇ ಆಗುವುದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. "ಮೈ ಕುಣಿಯೋದು ಜಾಸ್ತಿ ಆದ್ರೆ ಬಂದು ಹೇಳಿ, ಅದಕ್ಕೂ ದಾರಿ ಇದೆ. ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ, ಕಡಿಮೆ ಮಾಡ್ಬೇಡಿ." ಇವರು ಆಸೆಗೆ ಬಿದ್ದು ಒಂದೊಂದು ಹೆಚ್ಚಿಗೆ ನುಂಗುತ್ತಿದ್ದುದರಿಂದ ಮಾತ್ರೆ ಡಬ್ಬಿಯನ್ನು ಡಾಕ್ಟರಮ್ಮ ನನ್ನ ವಶಕ್ಕೆ ಕೊಟ್ಟಿದ್ದಾರೆ.

ಮಾರ್ಚ್ ೧೭, ಭಾನುವಾರ

ಬಂದರಿಗೆ ಇವತ್ತು ನಾನೂ ಹೋಗಿದ್ದೆ. ಹೋಗಬಾರದಿತ್ತು.

ಮೀನುಗಾರರ ಸಂಘದ ಹರಾಜುಕಟ್ಟೆಯಲ್ಲಿ ಮೂವತ್ತು ವರ್ಷ ಹರಾಜು ಕೂಗಿದವರು ಇವರು, ಅಲ್ಲಿಯವರಿಗೆಲ್ಲ ತಾಕ್ ಅಣ್ಣ. ಅಲ್ಲಿ ನಿಂತ ಕೂಡಲೇ ಎಡಗೈ ಮೇಲೆ ಹಾರಿತು. ಹಳೆಯ ದಲ್ಲಾಳಿ ಮಾನ್‌ಬೊಕ್ ಬಿಡುತ್ತಾನೆಯೇ? "ತಾಕ್ ಅಣ್ಣಾ, ಕೈ ಎತ್ಬಿಟ್ಟೆ! ಆ ಪೆಟ್ಟಿಗೆ ನಿಂದೇ ಆಯ್ತು, ದುಡ್ಡು ಬಿಚ್ಚು!" ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಇವರೇ. ಅಷ್ಟಕ್ಕೆ ನಿಲ್ಲದೆ ಖಾಲಿ ಪೆಟ್ಟಿಗೆಯ ಮೇಲೆ ಹತ್ತಿ, ಹಳೆಯ ದನಿಯಲ್ಲಿ ಸುಳ್ಳು ಹರಾಜು ಕೂಗತೊಡಗಿದರು. ಮೈಯೆಲ್ಲ ತಿರುಚುತ್ತಿತ್ತು, ಕತ್ತು ಒಂದು ಕಡೆ, ಸೊಂಟ ಒಂದು ಕಡೆ. ಸಿಯೋಲ್ ನಗರದಿಂದ ಬಂದ ಹುಡುಗಿಯೊಬ್ಬಳು ಮೊಬೈಲ್ ಎತ್ತಿ ಹಿಡಿದಳು. ನಾನು ತೋಳು ಹಿಡಿದು ಎಳೆದುಕೊಂಡು ಬಂದೆ.

"ನೋಡಿದ್ಯಾ, ಹೆಂಗ್ ನಕ್ರು!" ಎಂದರು ದಾರಿಯಲ್ಲಿ.

"ನಿಮ್ಮನ್ನ ನೋಡಿ ನಕ್ಕಿದ್ದು ರೀ."

"ನಗ್ಲಿ ಬಿಡೇ. ಹೋದ್ ವರ್ಷ ನಾನು ಮರದ ಹಂಗೆ ಕೂತಿದ್ದಾಗ ಒಬ್ಬನಾದ್ರೂ ಹತ್ರ ಬಂದ್ನಾ? ಅಲ್ಲಾಡೋದು ನಂಗೇ ಗೊತ್ತಾಗಲ್ಲ, ನಿಂಗ್ಯಾಕ್ ನೋವು?"

ನಿಜವಾಗಿಯೂ ಅವರಿಗೆ ಗೊತ್ತಾಗುವುದಿಲ್ಲ. ನೋಡುವ ಕಣ್ಣು ನನ್ನದು ತಾನೆ.

ಏಪ್ರಿಲ್ ೨, ಮಂಗಳವಾರ

ಸಾರು ಇಟ್ಟಿದ್ದ ಗಿಡ್ಡ ಊಟದ ಮಣೆಗೆ ಅವರ ಕಾಲು ತಗುಲಿ ಕುದಿಯುವ ಸಾರು ನನ್ನ ತೊಡೆಯ ಮೇಲೆ ಚೆಲ್ಲಿತು. ಅಂಗೈಯಗಲ ಬೊಬ್ಬೆ ಎದ್ದಿದೆ. ಬೊಂಗ್‌ಜಾ ಅಕ್ಕ ಮುಲಾಮು ಹಚ್ಚಿದಳು. ಅವರು ಪಕ್ಕದಲ್ಲೇ ಕೂತು, "ಅಯ್ಯೋ, ನಾನಲ್ಲ ಕಣೇ, ಕಾಲು" ಎಂದು ಹೇಳಿದ್ದನ್ನೇ ಹೇಳುತ್ತಿದ್ದರು. ಕಾಲು ಯಾರದಂತೆ?

ಹಿಂದೆ ಒಮ್ಮೆ, ಮಗಳು ಮಿರಾನ್ ಇನ್ನೂ ತೊಡೆಯ ಮೇಲಿನ ಮಗುವಾಗಿದ್ದಾಗ, ಕುಡಿದು ಬಂದು ಇದೇ ಮಣೆಯನ್ನು ಒದ್ದಿದ್ದರು. ಆಗ ಕಾಲು ಅವರದ್ದೇ ಆಗಿತ್ತು. ಇವತ್ತು ಅದು ಯಾಕೆ ನೆನಪಿಗೆ ಬಂತೋ ತಿಳಿಯದು.

ಏಪ್ರಿಲ್ ೧೧, ಗುರುವಾರ

ಮೆಟ್ಟಿಲಲ್ಲಿ ಬಿದ್ದರು. ಹಣೆಗೆ ಹೊಲಿಗೆ. ಎತ್ತಲು ಹೋಗಿ ನನ್ನ ಸೊಂಟ ಹಿಡಿದಿದೆ. ಕುಣಿದೂ ಕುಣಿದೂ ಅವರ ಮೈ ಕರಗುತ್ತಿದೆ, ಬೆಲ್ಟಿಗೆ ಹೊಸ ತೂತು ಮಾಡಿದೆ. ಆದರೂ ಬಾಯಿ ಮುಚ್ಚುವುದಿಲ್ಲ. ಬೆಳಗಿನಿಂದ ಮಾತು, ಓಡಾಟ, ಡಬ್ಬ ಬೀಳಿಸುವುದು, ಬಾಗಿಲು ಬಡಿಯುವುದು.

ಏಪ್ರಿಲ್ ೨೫, ಗುರುವಾರ

ಬೊಂಡಾಸ್ ಒಣಗಿಸುವ ಅಂಗಳದಲ್ಲಿ ಕೆಲಸ ಮುಗಿಯುವುದು ತಡವಾಯಿತು. ಮಧ್ಯಾಹ್ನದ ಮಾತ್ರೆ ನನ್ನ ಚೀಲದಲ್ಲೇ ಉಳಿದಿತ್ತು. ಮನೆಗೆ ಓಡಿದೆ.

ಅವರು ಕಿಟಕಿಯ ಬಳಿ ಗೋಡೆಗೆ ಒರಗಿ ಕೂತಿದ್ದರು. ಒಂದು ಬೆರಳೂ ಅಲ್ಲಾಡುತ್ತಿರಲಿಲ್ಲ. ಕೂಗಿದರೆ ಕಣ್ಣು ಮಾತ್ರ ನಿಧಾನಕ್ಕೆ ನನ್ನ ಕಡೆ ತಿರುಗಿತು. ಒಂದು ಗಳಿಗೆ ಹೆದರಿದೆ. ಆಮೇಲೆ, ಹೇಗೂ ಮೈ ಸುಮ್ಮನಿದೆ, ಉಗುರು ಕತ್ತರಿಸಿಬಿಡೋಣ ಎನಿಸಿತು. ಎಷ್ಟು ದಿನದಿಂದ ಆಗಿರಲಿಲ್ಲ. ಉಗುರು ತೆಗೆದೆ, ಗಡ್ಡ ಬೋಳಿಸಿದೆ, ಕಿವಿಯ ಹಿಂದೆ ಉಜ್ಜಿದೆ. ಗಂಜಿಯನ್ನು ಚಮಚದಲ್ಲಿ ಕೊಟ್ಟೆ. ಎಲ್ಲ ಮುಗಿದ ಮೇಲೆಯೇ ಮಾತ್ರೆ ಕೊಟ್ಟೆ.

ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಕೆಳಗೆ ದೋಣಿಗಳ ಹಗ್ಗ ಕಿರುಗುಟ್ಟುವುದು ಕೇಳುತ್ತಿತ್ತು. ತಡವಾದದ್ದರಿಂದ ಕೆಟ್ಟದ್ದೇನೂ ಆಗಲಿಲ್ಲ.

ಮೇ ೭, ಮಂಗಳವಾರ

ಕೆಲಸಕ್ಕೆ ಹೋಗುವ ದಿನ ಮಧ್ಯಾಹ್ನದ ಮಾತ್ರೆಯನ್ನು ನಾನು ಬಂದ ಮೇಲೆಯೇ ಕೊಡುವುದೆಂದು ಮಾಡಿಕೊಂಡಿದ್ದೇನೆ. ನಾನಿಲ್ಲದಾಗ ಓಡಾಡಿ ಬಿದ್ದರೆ ಎತ್ತುವವರು ಯಾರು? ಇದು ಅವರ ಒಳ್ಳೆಯದಕ್ಕೇ.

ಮೇ ೧೮, ಶನಿವಾರ

ಸಾಮ್‌ಚೊಕ್‌ನಲ್ಲಿ ನಾದಿನಿಯ ಮಗನ ಮದುವೆ. ಅಷ್ಟು ಜನರ ಮುಂದೆ ಇವರು ಹಾವಿನಂತೆ ಹೊರಳಾಡಿದರೆ ಹೇಗೆ ಎಂದು ವಾರದಿಂದ ತಲೆ ಕೆಟ್ಟಿತ್ತು. ಬೆಳಿಗ್ಗೆ ಮಾತ್ರೆ ಕೊಡಲಿಲ್ಲ. "ರೀ, ಮದುವೆ ಮುಗೀಲಿ, ಆಮೇಲೆ ಕೊಡ್ತೀನಿ. ನಿಮ್ಮ ಮಾನಾನೂ ಉಳಿಯತ್ತೆ" ಎಂದೆ. ಬೇಡವೆನ್ನಲು ತುಟಿ ಅಲ್ಲಾಡಿಸಿದರು. ಮಾತು ಹೊರಗೆ ಬರುವಷ್ಟರಲ್ಲಿ ಕಾರು ಬಂತು.

ಕರಿಯ ಕೋಟು ಹಾಕಿ, ಮೊದಲ ಸಾಲಿನಲ್ಲಿ ಕೂರಿಸಿದೆ. ಕೂರಿಸಿದ ಹಾಗೇ ಕೂತಿದ್ದರು. ಬಂದವರೆಲ್ಲ, "ಎಷ್ಟು ಗಂಭೀರವಾಗಿ ಕೂತಿದಾರೆ! ಸುನಿಮ್, ನೀನು ಚೆನ್ನಾಗಿ ನೋಡ್ಕೊಂಡಿದೀಯಮ್ಮ" ಎಂದರು. ನಾದಿನಿ ನನ್ನ ಕೈ ಹಿಡಿದು ಅತ್ತಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ಮನೆಯವರು ನನ್ನನ್ನು ಹೊಗಳಿದ್ದು ಇದೇ ಮೊದಲು.

ಊಟ ಗಂಟಲಲ್ಲಿ ಇಳಿಯಲಿಲ್ಲ ಅವರಿಗೆ. ಮದುಮಗ ಬಂದು ತಲೆಬಾಗಿದಾಗ ಹರಸಲು ಕೈ ಎತ್ತಲಾಗಲಿಲ್ಲ, ನಾನೇ ಹಿಡಿದು ಎತ್ತಿದೆ. ಕಣ್ಣಿನಿಂದ ನೀರು ಸುರಿಯುತ್ತಿತ್ತು. ರೆಪ್ಪೆ ಬಡಿಯದಿದ್ದರೆ ಕಣ್ಣು ಒಣಗಿ ನೀರು ಬರುತ್ತದೆ, ಈ ಕಾಯಿಲೆಯಲ್ಲಿ ಅದು ಇರುವುದೇ.

ಮನೆಗೆ ಬಂದು ಮಾತ್ರೆ ಏರಿದ ಮೇಲೆ ಒಂದೇ ಮಾತು ಆಡಿದರು. "ಅವನ ಮದ್ವೇಲಿ ಹಾಡ್ತೀನಿ ಅಂತ ಹೇಳಿದ್ದೆ ಕಣೇ."

ಜೂನ್ ೧೦, ಸೋಮವಾರ

ವೊಂಜುವಿನಿಂದ ಮಗಳ ಫೋನು.

"ಅಮ್ಮಾ, ಅಪ್ಪಂಗೆ ಕೊಡು."

"ಮಲಗಿದಾರೆ ಕಣೆ."

"ಯಾವಾಗ ಫೋನ್ ಮಾಡಿದ್ರೂ ಮಲಗಿರ್ತಾರಲ್ಲ! ಹನ್ನೆರಡನೇ ತಾರೀಕು ಆಸ್ಪತ್ರೆಗೆ ಹೋಗ್ತಿದೀರಿ ತಾನೆ? ಅಲ್ಲಾಡೋದು ಕಡಿಮೆ ಮಾಡೋಕೆ ಇನ್ನೊಂದು ಮಾತ್ರೆ ಇದ್ಯಂತೆ. ಈಗಿರೋದನ್ನೇ ಸಣ್ಣ ಸಣ್ಣ ಪಾಲು ಮಾಡಿ ಕೊಡೋದೂ ಉಂಟಂತೆ. ಕೇಳಮ್ಮ."

ಕೇಳುತ್ತೇನೆ ಎಂದೆ. ಆಮೇಲೆ ಆಸ್ಪತ್ರೆಗೆ ಫೋನು ಮಾಡಿ ಬರಲಾಗುವುದಿಲ್ಲ ಎಂದು ಹೇಳಿದೆ. ನನ್ನ ಸೊಂಟ ಹೀಗಿರುವಾಗ ಅವರನ್ನು ಬಸ್ಸಿಗೆ ಹತ್ತಿಸಿ ಇಳಿಸುವುದು ಯಾರು? ಅಷ್ಟಕ್ಕೂ ಈಗ ನಡೆಯುತ್ತಿರುವುದು ಸರಿಯಾಗಿಯೇ ಇದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಬಿದ್ದಿಲ್ಲ, ಪಾತ್ರೆ ಒಡೆದಿಲ್ಲ. ಡಾಕ್ಟರಮ್ಮ ಮತ್ತೆ ಏನಾದರೂ ಬದಲಾಯಿಸಿ ಕುಣಿಸುವುದು ಬೇಡ.

ಜೂನ್ ೨೭, ಗುರುವಾರ

ಮಳೆ. ಕೆಲಸವಿಲ್ಲ. ಅವರನ್ನು ದಿಂಬಿಗೆ ಒರಗಿಸಿ, ಎದುರಿಗೆ ಬೆಳ್ಳುಳ್ಳಿ ಸುಲಿಯುತ್ತಾ ಕೂತೆ. ಮಾತಾಡುತ್ತಾ ಹೋದೆ. ನಮ್ಮಮ್ಮ ಸತ್ತಾಗ ಹರಾಜಿದೆ ಎಂದು ಬರದೆ ಇದ್ದದ್ದು, ಮಿರಾನ್ ಹುಟ್ಟಿದಾಗ ಹೆಣ್ಣೇ ಎಂದು ಕೇಳಿ ಹೊರಗೆ ಹೋದದ್ದು, ನಾನು ಹೊಲಿಗೆ ಅಂಗಡಿ ಇಡುತ್ತೇನೆಂದಾಗ ಬಂದರಿನಲ್ಲೆಲ್ಲ ಹೇಳಿಕೊಂಡು ನಕ್ಕದ್ದು. ಒಂದು ಕಡೆಯೂ ನನ್ನ ಮಾತು ತುಂಡರಿಸಲಿಲ್ಲ. ಪೂರ್ತಿ ಕೇಳಿದರು. ಮದುವೆಯಾದ ಮೇಲೆ ನಾವಿಬ್ಬರೂ ಇಷ್ಟು ಹೊತ್ತು ಕೂತು ಮಾತಾಡಿದ್ದೇ ಇಲ್ಲ.

ಎದ್ದಾಗ ನೋಡಿದರೆ ಅವರ ಚಾಪೆ ಒದ್ದೆಯಾಗಿತ್ತು. ಪಾಪ, ಯಾವಾಗಲೋ ಹೇಳಲು ನೋಡಿರಬೇಕು.

ಜುಲೈ ೯, ಮಂಗಳವಾರ

ಅಂಗಡಿಯಿಂದ ಬಂದಾಗ ಅಡುಗೆಮನೆಯಲ್ಲಿ ಕಪಾಟುಗಳೆಲ್ಲ ತೆರೆದಿದ್ದವು. ಬೆಳಗಿನ ಮಾತ್ರೆ ಇನ್ನೂ ಇಳಿದಿರಲಿಲ್ಲ, ಕೈಕಾಲು ಹೊರಳಿಸುತ್ತಾ ಮೆಣಸಿನಪುಡಿಯ ಡಬ್ಬದೊಳಗೆ ಕೈ ಹಾಕಿ ಹುಡುಕುತ್ತಿದ್ದರು. ಬೆರಳೆಲ್ಲ ಕೆಂಪು.

"ಎಲ್ಲಿಟ್ಟೆ?"

"ಏನು?"

"ಸುಮ್ನಿರು. ಮಾತ್ರೆ ಎಲ್ಲಿಟ್ಟೆ? ನಂಗೆ ಸಾಲ್ತಿಲ್ಲ ಕಣೇ. ಒಳಗೆ ಕಲ್ಲಾಗ್ಬಿಡ್ತೀನಿ. ನಿಂಗೆ ಕಾಣಲ್ಲ. ನೀನು ಮಾತಾಡೋದೆಲ್ಲ ಕೇಳ್ಸತ್ತೆ, ಮೂಗಿನ ಮೇಲೆ ನೊಣ ಕೂತ್ರೂ ಗೊತ್ತಾಗತ್ತೆ. ಆದ್ರೆ ಹೊರಗೆ ಬರಕ್ಕಾಗಲ್ಲ."

"ಔಷಧಿ ಅಂಗಡೀಲೇ ಸ್ಟಾಕ್ ಇಲ್ವಂತೆ ರೀ. ಇರೋದನ್ನ ಸುಧಾರಿಸ್ಬೇಕು" ಎಂದೆ.

ನನ್ನ ಮುಖವನ್ನೇ ನೋಡಿದರು. ಹರಾಜಿನವರ ಕಣ್ಣು ಅದು, ಯಾರ ಬಳಿ ಏನಿದೆ ಎಂದು ತಿಳಿಯುತ್ತದೆ. ಡಬ್ಬದ ಮುಚ್ಚಳ ಹಾಕಲು ನೋಡಿದರು. ಕೈ ಹಾರುತ್ತಿತ್ತು, ಮುಚ್ಚಳ ಕೂರಲಿಲ್ಲ.

ಮಾತ್ರೆ ಡಬ್ಬಿಯನ್ನು ಬೀರುವಿನ ಮೇಲೆ, ಚಳಿಗಾಲದ ಹೊದಿಕೆಗಳ ಹಿಂದೆ ಇಟ್ಟೆ. ಹೆಚ್ಚಿಗೆ ನುಂಗಿಬಿಡುವವರಿಂದ ಮುಚ್ಚಿಡಿ ಎಂದು ಡಾಕ್ಟರಮ್ಮನೇ ಹೇಳಿದ್ದರಲ್ಲ.

ಜುಲೈ ೨೨, ಸೋಮವಾರ

ಬೊಂಗ್‌ಜಾ ಅಕ್ಕನ ಜೊತೆ ಜಗಳವಾಯಿತು. ನಾನು ಬೊಂಡಾಸ್ ಅಂಗಳದಲ್ಲಿ ಕೆಲಸದಲ್ಲಿದ್ದಾಗ ಅವರು ಬಾಗಿಲ ಚೌಕಟ್ಟು ಹಿಡಿದು ನಿಂತವರು ನಿಂತೇ ಇದ್ದರಂತೆ. ಬಿಸಿಲು ನೇರ ಮುಖಕ್ಕೆ. ಪ್ಯಾಂಟು ಒದ್ದೆ. ಅವಳು ಯಾವಾಗಲೋ ನೋಡಿ ಎಳೆದು ಕೂರಿಸಿದಳಂತೆ.

"ಏನೇ ಇದು? ವಸಂತದಲ್ಲಿ ಮೆಟ್ಲು ಹತ್ತಿ ಇಳೀತಿದ್ದ ಮನುಷ್ಯ! ಮಾತ್ರೆ ಕೊಡ್ತಿದೀಯೋ ಇಲ್ವೋ?"

"ಕಾಯಿಲೆ ಜಾಸ್ತಿ ಆಗ್ತಿದೆ ಅಕ್ಕ."

"ಅವನು ಕುಣೀತಿದ್ದಾಗ ನಿಂಗೆ ನಾಚಿಕೆ ಆಗ್ತಿತ್ತು. ಈಗ ಆಗ್ತಿಲ್ವಾ?"

ನನ್ನ ಸೊಂಟಕ್ಕೆ ಪಟ್ಟಿ ಹಾಕಲು ಒಂದು ದಿನವೂ ಬಾರದವಳು ನನಗೆ ಬುದ್ಧಿ ಹೇಳುತ್ತಾಳೆ. ಅವಳ ಗಂಡ ಒಂದೇ ದಿನದಲ್ಲಿ ಸತ್ತ. ಅವಳಿಗೇನು ಗೊತ್ತು?

ಆಗಸ್ಟ್ ೩, ಶನಿವಾರ

ವಿಪರೀತ ಸೆಕೆ. ನಿನ್ನೆಯಿಂದ ಏನೂ ನುಂಗುತ್ತಿಲ್ಲ, ಹಾಗಾಗಿ ಮಾತ್ರೆಯೂ ಇಲ್ಲ. ಮೈ ಹಲಗೆಯಂತಾಗಿದೆ, ಬಿಸಿ ಇದೆ. ಬಾರ್ಲಿ ನೀರನ್ನು ಬಟ್ಟೆಯಲ್ಲಿ ಅದ್ದಿ ತುಟಿಗೆ ಹಿಂಡಿದೆ. ಸೆಕೆ ಇಳಿದರೆ ಸರಿಹೋಗುತ್ತದೆ.

ಆಗಸ್ಟ್ ೬, ಮಂಗಳವಾರ

ಭಾನುವಾರ ಬೆಳಿಗ್ಗೆ ಅವರು ಯಾರದೋ ಹೆಸರು ಕೂಗಿದಂತೆ ಗೊರಗೊರ ಸದ್ದು ಮಾಡಿದರು. ಮೈ ಮುಟ್ಟಿದರೆ ಸುಡುತ್ತಿತ್ತು. ಬೊಂಗ್‌ಜಾ ಅಕ್ಕನೇ ಆಂಬುಲೆನ್ಸ್ ಕರೆಸಿದಳು.

ಗಾಂಗ್‌ನ್ಯಂಗ್‌ನಲ್ಲಿ ಮೂಗಿನಿಂದ ಕೊಳವೆ ಇಳಿಸಿ ಅದರಲ್ಲೇ ಮಾತ್ರೆ ಕರಗಿಸಿ ಬಿಡುತ್ತಿದ್ದಾರೆ. ಕೈ, ಎದೆ, ಎಲ್ಲೆಲ್ಲೂ ತಂತಿ. ಡಾಕ್ಟರಮ್ಮ ನನ್ನನ್ನೂ ಮಿರಾನ್‌ಳನ್ನೂ ಮಂಚದ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿದರು. "ಇದು ಬರೀ ಸೆಕೆಯಿಂದ ಆಗಿದ್ದಲ್ಲ. ಮಾತ್ರೆ ಇದ್ದಕ್ಕಿದ್ದಂತೆ ಇಳಿಸಿದ್ರೆ ಹೀಗಾಗತ್ತೆ. ಇನ್ನೊಂದು ದಿನ ತಡವಾಗಿದ್ರೆ ಉಳೀತಿರ್ಲಿಲ್ಲ. ಯಾವಾಗಿಂದ ಕಡಿಮೆ ಆಗಿದೆ?"

"ಅವರೇ ಬೇಡ ಅಂತಿದ್ರು. ಎಲ್ಲರ ಮುಂದೆ ಮೈ ಕುಣಿಯತ್ತೆ, ನಾಚಿಕೆ ಆಗತ್ತೆ ಅಂತ. ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ" ಎಂದೆ.

ಮಿರಾನ್ ಅಪ್ಪನ ಮೇಲೆ ಬಗ್ಗಿ ಅಳುತ್ತಾ ಬೈದಳು. "ಅಪ್ಪಾ, ಯಾಕಪ್ಪಾ ಹಿಂಗ್ ಮಾಡ್ಕೊಂಡೆ? ನಾಚಿಕೆ ದೊಡ್ದಾ, ಜೀವ ದೊಡ್ದಾ? ಅಮ್ಮನ್ನ ಹೆಂಗ್ ಹೆದರಿಸ್ಬಿಟ್ಟೆ!"

ಅವರು ಕಣ್ಣು ತೆರೆದುಕೊಂಡೇ ಇದ್ದರು. ಚಾವಣಿ ನೋಡುತ್ತಿದ್ದರು. ಕೇಳಿಸಿರಲಾರದು.

ಆಗಸ್ಟ್ ೧೦, ಶನಿವಾರ

ಜ್ವರ ಇಳಿದಿದೆ. ಮಧ್ಯಾಹ್ನ ಬಲಗೈಯ ಬೆರಳುಗಳು ಅಲ್ಲಾಡಿದವು, ಆಮೇಲೆ ಭುಜ ಹೊರಳಿತು. ಮಿರಾನ್ ಚಪ್ಪಾಳೆ ತಟ್ಟಿದಳು. ನಾನು ಕುರ್ಚಿಯಲ್ಲಿ ಕೂತೆ. ಮಾತ್ರೆ ಏರಿದರೆ ನಾಲಗೆಯೂ ಏಳುತ್ತದೆ.

"ಅಪ್ಪಾ, ನಿಜ ಹೇಳು" ಎಂದಳು ಮಿರಾನ್. "ನೀನೇ ಮಾತ್ರೆ ಬೇಡ ಅಂದ್ಯಾ? ಬೊಂಗ್‌ಜಾ ಅತ್ತೆ ಏನೋ ಬೇರೆ ಹೇಳ್ತಿದಾರೆ."

ಅವರು ನನ್ನ ಕಡೆ ನೋಡಲಿಲ್ಲ. "ಹೂಂ. ನಾನೇ. ನಿಮ್ಮಮ್ಮಂದೇನೂ ಇಲ್ಲ" ಎಂದರು.

ಮಗಳು ನೀರು ತರಲು ಹೋದಾಗ ನಾನು ಅವರ ಹೊದಿಕೆ ಸರಿಮಾಡಿದೆ.

"ಅವಳಿಗೆ ಎರಡು ಮಕ್ಳು, ಕೆಲ್ಸ" ಎಂದರು, ದನಿ ಸೋರುವ ಕೊಳಾಯಿಯಂತೆ. "ನಂಗೆ ಹೋಗಕ್ಕೆ ಇನ್ಯಾವ ಮನೆ ಇದೆ? ಎಷ್ಟ್ ಕೊಡ್ತೀಯೋ ಅಷ್ಟ್ ಕೊಡು ಸುನಿಮ್. ಬೊಂಬೆ ತರ ಕೂರಿಸಿ ಮಾತ್ರ ಹಳೇ ಕತೆ ಹೇಳ್ಬೇಡ. ಎದ್ದು ಹೋಗಕ್ಕಾಗಲ್ಲ ನಂಗೆ."

ಜ್ವರದ ಗುಂಗಿನ್ನೂ ಪೂರ್ತಿ ಇಳಿದಿಲ್ಲ ಎಂದು ಕಾಣುತ್ತದೆ. ಊಟಕ್ಕೆ ಹೋದೆ.

ಸೆಪ್ಟೆಂಬರ್ ೫, ಗುರುವಾರ

ಮನೆಗೆ ಬಂದು ಎರಡು ವಾರ. ಮಾತ್ರೆಯನ್ನು ಸಣ್ಣ ಪಾಲು ಮಾಡಿದ್ದಾರೆ, ಮೈ ಕುಣಿಯುವುದಕ್ಕೆ ಬೇರೊಂದು ಸೇರಿಸಿದ್ದಾರೆ. ಒಂದೂ ತಪ್ಪಿಸದೆ ಕೊಡುತ್ತಿದ್ದೇನೆ. ಡಬ್ಬಿ ಊಟದ ಮಣೆಯ ಮೇಲೆಯೇ ಇದೆ. ಅವರು ಅದನ್ನು ಮುಟ್ಟುವುದಿಲ್ಲ. ಹೊತ್ತಾದಾಗ ನನ್ನನ್ನೇ ನೋಡುತ್ತಾ ಕೂರುತ್ತಾರೆ, ಕೊಟ್ಟಾಗ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಾರೆ, ಹಿರಿಯರಿಂದ ತೆಗೆದುಕೊಳ್ಳುವ ಹಾಗೆ.

ಈಗ ಸಾಕಷ್ಟು ನಡೆಯಬಲ್ಲರು. ಬಂದರಿಗೆ ಹೋಗಿಬನ್ನಿ ಎಂದೆ. ಬೇಡ ಎಂದರು. ಮಾನ್‌ಬೊಕ್ ಬಂದು, "ಏನಣ್ಣಾ, ಹರಾಜು ನಿಂತೇ ಹೋಯ್ತಲ್ಲ!" ಎಂದು ಕೆಣಕಿದ. ಇವರು ನಗಲಿಲ್ಲ. ಕೈ ಹಾರಿದಾಗ ಇನ್ನೊಂದು ಕೈಯಿಂದ ಹಿಡಿದು ಕೆಳಗೆ ಒತ್ತಿಕೊಂಡರು. ಮಾನ್‌ಬೊಕ್ ಟೀ ಕುಡಿಯದೆ ಎದ್ದುಹೋದ.

ಮನೆ ಶಾಂತವಾಗಿದೆ. ಇಷ್ಟು ಶಾಂತಿಯನ್ನು ನಾನು ಕೇಳಿದ್ದೆನೇ ಎಂದು ಒಮ್ಮೊಮ್ಮೆ ಅನಿಸುತ್ತದೆ. ಬೊಂಗ್‌ಜಾ ಅಕ್ಕ ಮಾತು ಬಿಟ್ಟಿದ್ದಾಳೆ.

ಅಕ್ಟೋಬರ್ ೧೬, ಬುಧವಾರ

ಗಾಂಗ್‌ನ್ಯಂಗ್‌ಗೆ ಹೋಗಿದ್ದೆವು. ಡಾಕ್ಟರಮ್ಮ ಅವರ ಕೈ ಮಡಚಿ ಬಿಡಿಸಿ ನೋಡಿ, ನಡೆಸಿ ನೋಡಿ, ತೃಪ್ತಿಪಟ್ಟರು. ಆಮೇಲೆ ಅವರನ್ನೇ ಕೇಳಿದರು. "ಸ್ವಲ್ಪ ಜಾಸ್ತಿ ಅಲ್ಲಾಡಿದ್ರೂ ಪರವಾಗಿಲ್ಲ, ಓಡಾಡ್ಕೊಂಡಿರ್ತೀನಿ ಅಂತೀರಾ? ಇಲ್ಲ, ಅಲ್ಲಾಡೋದು ಬೇಡ, ಸ್ವಲ್ಪ ಬಿಗಿ ಇದ್ರೂ ಇರ್ಲಿ ಅಂತೀರಾ? ಎರಡರಲ್ಲಿ ನಿಮಗ್ಯಾವುದು ಹಿತ ಅಂತ ನೀವೇ ಹೇಳ್ಬೇಕು."

ಅವರು ನನ್ನ ಕಡೆ ತಿರುಗಿದರು. "ನಮ್ಮನೆಯವಳಿಗೆ ಹೆಂಗೆ ಅನುಕೂಲಾನೋ ಹಂಗೆ" ಎಂದರು.

ಡಾಕ್ಟರಮ್ಮ ನಕ್ಕು, "ಇಂಥ ಗಂಡ ಎಲ್ಲಿ ಸಿಗ್ತಾರೆ ಹೇಳಿ" ಎಂದರು ನನಗೆ. ನಾನೂ ನಕ್ಕೆ. ಯಾವುದು ಅನುಕೂಲ ಎಂದು ಇನ್ನೊಮ್ಮೆ ಕೇಳಿದಾಗ ಹಳೆಯ ಮಾತ್ರೆ ಚೀಟಿಯನ್ನು ಅವರ ಮುಂದಿಟ್ಟೆ. ಇದ್ದ ಮಾತ್ರೆಯನ್ನೇ ಬರೆದುಕೊಟ್ಟರು.

ಬಸ್ಸು ತುಂಬಿತ್ತು. ಅವರಿಗೆ ಕಿಟಕಿಯ ಪಕ್ಕ ಸಿಕ್ಕಿತು. ಮಾತ್ರೆ ಏರುವ ಹೊತ್ತು. ಕೂತವರೇ ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡು, ಅವುಗಳ ಮೇಲೆ ಭಾರ ಬಿಟ್ಟು ಕೂತರು. ಕತ್ತು ಹೊರಳುವಾಗಲೆಲ್ಲ ಹಲ್ಲು ಕಚ್ಚಿ, ಸಮುದ್ರ ನೋಡುವವರಂತೆ ಕಿಟಕಿಗೆ ತಲೆ ಒತ್ತಿಕೊಂಡರು. ಪಕ್ಕದ ಸಾಲಿನ ಹೆಂಗಸು ಒಮ್ಮೆಯೂ ನಮ್ಮ ಕಡೆ ನೋಡಲಿಲ್ಲ. ಕೈ ತೆಗೆಯಿರಿ, ಜೋಮು ಹಿಡಿಯುತ್ತದೆ ಎಂದು ಎರಡು ಸಲ ಹೇಳಿದೆ. ತೆಗೆಯಲಿಲ್ಲ.

ಮುಖೋದಲ್ಲಿ ಇಳಿದಾಗ ಅವರ ಬೆರಳುಗಳು ಬಿಳಚಿದ್ದವು. ಸೀಟಿನ ಬಟ್ಟೆಯ ಗೆರೆಗಳು ಕೈಯ ಹಿಂಭಾಗದಲ್ಲಿ ಅಚ್ಚೊತ್ತಿದ್ದವು. ನಿಲ್ದಾಣದ ಬೆಂಚಿನ ಮೇಲೆ ಕೂರಿಸಿ ಒಂದೊಂದೇ ಬೆರಳು ತಿಕ್ಕಿದೆ. ಎಷ್ಟು ತಿಕ್ಕಿದರೂ ಬೇಗ ಬಣ್ಣ ಬರಲಿಲ್ಲ.

"ಸುಮ್ನೆ ಕೂತಿದ್ದೆ ಅಲ್ವಾ?" ಎಂದು ಕೇಳಿದರು.

"ಹೂಂ ರೀ. ಕೂತಿದ್ರಿ" ಎಂದೆ.